ಯಯಾತಿಯ ಮಗಳು: ಕಥನದಲ್ಲಿ ಸ್ತ್ರೀಲೋಲ ತಂದೆಯನ್ನು ಕುರಿತು

ಯಯಾತಿಗೆ ಐವರು ಗಂಡುಮಕ್ಕಳಿದ್ದರೆಂಬುದು ಕನ್ನಡದ ಓದುಗರಿಗೆ ತಿಳಿದ ಸಂಗತಿ. ದೇವಯಾನಿಯಲ್ಲಿ ಯದು, ತುರ್ವಸು. ಶರ್ಮಿಷ್ಠೆಯಲ್ಲಿ ದ್ರುಹ್ಯು, ಅನು, ಪೂರು. ತಂದೆಯ ಮುಪ್ಪನ್ನು ಯಾರು ನಿರಾಕರಿಸಿದರು, ಯಾರು ಹೊತ್ತರು ಎಂಬ ಪ್ರಶ್ನೆಯ ಸುತ್ತಲೇ ಯಯಾತಿಯನ್ನು ಕುರಿತ ನಮ್ಮ ಚರ್ಚೆ ಬೆಳೆದಿದೆ. ಗಿರೀಶ ಕಾರ್ನಾಡರ ‘ಯಯಾತಿ’ (1961) ನಾಟಕವನ್ನು ಸ್ನಾತಕೋತ್ತರ ತರಗತಿಯಲ್ಲಿ ಓದುತ್ತಿದ್ದಾಗ ಸಹಪಾಠಿಯೊಬ್ಬಳು, “ಇವನಿಗೆ ಹೆಣ್ಣುಮಕ್ಕಳೇ ಇರಲಿಲ್ಲವೇ?” ಎಂದು ಕೇಳಿದ್ದಳು. ಆಗ ತರಗತಿ ನಕ್ಕಿತ್ತು. ಉತ್ತರ ಗೊತ್ತಿಲ್ಲದ ನಗೆ ಅದು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಉದ್ಯೋಗಪರ್ವದ ಗಾಲವೋಪಾಖ್ಯಾನವನ್ನು ಓದಿದಾಗ.

ಯಯಾತಿಗೆ ಮಾಧವಿಯೆಂಬ ಮಗಳಿದ್ದಳು. ವಿಶ್ವಾಮಿತ್ರನಿಗೆ ಗುರುದಕ್ಷಿಣೆಯಾಗಿ ಒಂದು ಕಿವಿ ಮಾತ್ರ ಕಪ್ಪಾಗಿರುವ 800 ಬಿಳಿಯ ಕುದುರೆಗಳನ್ನು ಕೊಡಬೇಕಾಗಿದ್ದ ಗಾಲವನು ಯಯಾತಿಯಲ್ಲಿ ಬೇಡಲು ಬರುತ್ತಾನೆ. ಕೊಡಲು ಐಶ್ವರ್ಯವಿಲ್ಲದ ರಾಜ ಮಗಳನ್ನು ಕೊಡುತ್ತಾನೆ. ಹರ್ಯಶ್ವ, ದಿವೋದಾಸ, ಉಶೀನರ ಎಂಬ ಮೂವರು ದೊರೆಗಳಿಗೆ ಅವಳು ಒಬ್ಬೊಬ್ಬ ಮಗನನ್ನು ಹೆತ್ತುಕೊಡುತ್ತಾಳೆ. ಪ್ರತಿಯೊಬ್ಬನಿಂದಲೂ ಗಾಲವನಿಗೆ 200 ಕುದುರೆಗಳು ದೊರೆಯುತ್ತವೆ. ಉಳಿದ 200ಕ್ಕೆ ಬದಲಾಗಿ ವಿಶ್ವಾಮಿತ್ರನೇ ಅವಳನ್ನು ಸ್ವೀಕರಿಸುತ್ತಾನೆ. ಪ್ರತಿ ಹೆರಿಗೆಯ ನಂತರವೂ ಕನ್ಯೆಯಾಗುವ ವರ ಅವಳಿಗಿತ್ತಂತೆ. ಇಷ್ಟೆಲ್ಲ ಆದ ಮೇಲೆ ತಂದೆ ಅವಳಿಗೆ ಸ್ವಯಂವರ ಏರ್ಪಡಿಸುತ್ತಾನೆ. ಅವಳು ನೆರೆದ ವರರನ್ನೆಲ್ಲ ಬಿಟ್ಟು ಕಾಡನ್ನು ವರಿಸುತ್ತಾಳೆ. ಮಗಳನ್ನು ಕೊಡುವಾಗ ಯಯಾತಿ ತನಗಾಗಿ ಬಯಸಿದ್ದು ಒಂದನ್ನೇ: ತಾನು ದೌಹಿತ್ರರುಳ್ಳವನಾಗಬೇಕು ಎಂಬುದನ್ನು.

ಭೋಗದಿಂದ ತೃಪ್ತಿ ಕಾಣದ ಪುರುಷನ ಪ್ರತೀಕವಾಗಿ ನಮ್ಮ ಪರಂಪರೆ ಯಯಾತಿಯನ್ನು ನಿಲ್ಲಿಸಿದೆ. ಅಂಥವನು ಹೆಣ್ಣುಮಗುವಿನ ತಂದೆಯಾದಾಗ ಏನಾಗುತ್ತಾನೆ? ಲೋಕರೂಢಿಯಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಹೆಣ್ಣುಮಗು ಹುಟ್ಟಿದರೆ ಅಂಥವನೂ ನೆಟ್ಟಗಾಗುತ್ತಾನೆ ಎಂಬುದು ಒಂದು. ಅಪ್ಪ ಮಾಡಿದ್ದನ್ನು ಮಗಳು ಉಣ್ಣುತ್ತಾಳೆ ಎಂಬುದು ಇನ್ನೊಂದು. ಜನಪ್ರಿಯ ಕಾದಂಬರಿ ಮತ್ತು ಚಲನಚಿತ್ರಗಳು ಈ ಎರಡನ್ನೂ ಧಾರಾಳವಾಗಿ ಬಳಸಿಕೊಂಡಿವೆ. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾದ ಉತ್ತರಗಳು. ಆದರೆ ಎರಡರಲ್ಲಿಯೂ ಮಗಳು ಇರುವುದು ತಂದೆಯ ಕಥೆಗಾಗಿ: ಒಂದರಲ್ಲಿ ಅವಳು ಔಷಧ, ಇನ್ನೊಂದರಲ್ಲಿ ದಂಡ. ವಿಮರ್ಶೆಯೂ ಅನೇಕ ವೇಳೆ ಇದೇ ಹಾದಿಯನ್ನು ಹಿಡಿದು, ನಾಯಕ ಬದಲಾದನೇ ಎಂದು ಮಾತ್ರ ಕೇಳಿ ಸುಮ್ಮನಾಗುತ್ತದೆ. ಅದರ ಬದಲು, ಮಗಳಿಗೆ ಏನು ಗೊತ್ತಿದೆ ಎಂದು ಕೇಳಿದರೆ ಕೃತಿ ಬೇರೆಯಾಗಿಯೇ ತೆರೆದುಕೊಳ್ಳುತ್ತದೆ ಎಂಬುದು ಪ್ರಸ್ತುತ ಲೇಖನದ ಗ್ರಹಿಕೆ. ಯಯಾತಿಯಿಂದ ಹುಟ್ಟಿದ ಈ ಪ್ರಶ್ನೆಯನ್ನು, ಅದಕ್ಕೆ ಅತ್ಯಂತ ಸೂಕ್ಷ್ಮವಾಗಿ ಒಡ್ಡಿಕೊಂಡಿರುವ ಎರಡು ರಷ್ಯನ್ ಕೃತಿಗಳಿಗೆ ಕೇಳಿ, ಅನಂತರ ಕಾರ್ನಾಡರ ನಾಟಕಕ್ಕೆ ಮರಳಲು ಇಲ್ಲಿ ಪ್ರಯತ್ನಿಸಲಾಗಿದೆ.

ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ (1875–77ರಲ್ಲಿ ಧಾರಾವಾಹಿಯಾಗಿ, 1878ರಲ್ಲಿ ಪುಸ್ತಕವಾಗಿ ಪ್ರಕಟ) ಕಾದಂಬರಿಯು ಅನ್ನಾಳಿಂದಲ್ಲ, ಅವಳ ಅಣ್ಣ ಸ್ತೀವಾ ಒಬ್ಲೋನ್‌ಸ್ಕಿಯಿಂದ ಆರಂಭವಾಗುತ್ತದೆ. ಅವನಿಗೆ 34 ವರ್ಷ. ಬದುಕಿರುವ ಐದು ಮಕ್ಕಳು, ತೀರಿಕೊಂಡ ಇಬ್ಬರು. ಮನೆಯಲ್ಲಿ ಗವರ್ನೆಸ್ ಆಗಿದ್ದ ಫ್ರೆಂಚ್ ಹೆಂಗಸಿನೊಂದಿಗೆ ಅವನಿಗಿದ್ದ ಸಂಬಂಧ ಹೆಂಡತಿ ಡಾಲಿಗೆ ತಿಳಿದುಹೋಗಿದೆ. ಕಾದಂಬರಿ ತೆರೆದುಕೊಳ್ಳುವಾಗ ಮನೆಯೆಲ್ಲ ಅಸ್ತವ್ಯಸ್ತ. ಸ್ತೀವಾನನ್ನು ಕೆಟ್ಟವನೆಂದು ಚಿತ್ರಿಸಲು ಟಾಲ್‌ಸ್ಟಾಯ್ ಹೋಗುವುದಿಲ್ಲ. ಅವನು ಹಸನ್ಮುಖಿ, ಎಲ್ಲರಿಗೂ ಬೇಕಾದವನು, ಊಟ ಉಡುಪುಗಳಲ್ಲಿ ರಸಿಕ. ತನ್ನ ತಪ್ಪಿಗಿಂತ ಹೆಚ್ಚಾಗಿ ಅದನ್ನು ಹೆಂಡತಿಯಿಂದ ಮುಚ್ಚಿಡಲಾಗಲಿಲ್ಲವಲ್ಲ ಎಂಬುದಕ್ಕೆ ಅವನು ನೊಂದುಕೊಳ್ಳುತ್ತಾನೆ. ಅವನ ಈ ಪ್ರಿಯತೆಯೇ ಓದುಗನನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ.

ಮೊದಲ ಭಾಗದ ಮೂರನೆಯ ಅಧ್ಯಾಯದಲ್ಲಿ ಒಂದು ಚಿಕ್ಕ ಸನ್ನಿವೇಶವಿದೆ. ಕಾದಂಬರಿಯ ವಿಸ್ತಾರದಲ್ಲಿ ಅದು ಕಣ್ತಪ್ಪಿ ಹೋಗುವಂಥದು. ಪಾಠ ಹೇಳುವಾಗ ನಾವು ಅದನ್ನು ದಾಟಿ ರೈಲು ನಿಲ್ದಾಣದ ಪ್ರಸಂಗಕ್ಕೆ ಧಾವಿಸುತ್ತೇವೆ. ಸ್ತೀವಾ ಬೆಳಗಿನ ಕಾಫಿ ಮುಗಿಸುವ ಹೊತ್ತಿಗೆ ಬಾಗಿಲಾಚೆ ಮಕ್ಕಳು ಪೆಟ್ಟಿಗೆಯೊಂದನ್ನು ರೈಲು ಮಾಡಿಕೊಂಡು ಆಡುತ್ತಿರುತ್ತಾರೆ. ಅವನು ಕರೆದೊಡನೆ ಹಿರಿಮಗಳು ತಾನ್ಯಾ ಓಡಿಬಂದು ಕೊರಳಿಗೆ ಜೋತುಬೀಳುತ್ತಾಳೆ. ಅವಳೆಂದರೆ ಅವನಿಗೆ ಅಚ್ಚುಮೆಚ್ಚು. ಮಗನ ಮೇಲೆ ಅಷ್ಟು ಪ್ರೀತಿಯಿಲ್ಲವೆಂದು ಅವನಿಗೇ ಗೊತ್ತಿದ್ದು, ಸಮನಾಗಿ ಕಾಣಲು ಯತ್ನಿಸುತ್ತಾನೆ. ಅಮ್ಮ ಗೆಲುವಾಗಿದ್ದಾಳೆಯೇ ಎಂದು ಮಗಳನ್ನು ಕೇಳುತ್ತಾನೆ. ಅಪ್ಪ ಅಮ್ಮನಿಗೆ ಜಗಳವಾಗಿದೆ, ಅಮ್ಮ ಗೆಲುವಾಗಿರಲು ಸಾಧ್ಯವಿಲ್ಲ, ಇದು ಅಪ್ಪನಿಗೂ ತಿಳಿದಿದೆ, ತಿಳಿದೂ ಹಗುರಾಗಿ ಕೇಳುವ ನಟನೆ ಮಾಡುತ್ತಿದ್ದಾನೆ: ಇಷ್ಟೂ ಆ ಹುಡುಗಿಗೆ ಗೊತ್ತು. ಅಪ್ಪನಿಗಾಗಿ ಅವಳ ಮುಖ ಕೆಂಪೇರುತ್ತದೆ. ಅದನ್ನು ಕಂಡು ಅವನ ಮುಖವೂ ಕೆಂಪೇರುತ್ತದೆ.

ಹೆಂಡತಿಯ ಎದುರು ಸಿಕ್ಕಿಬಿದ್ದಾಗ ಸ್ತೀವಾನ ಮುಖದಲ್ಲಿ ಮೂಡಿದ್ದು ಅವನ ಎಂದಿನ ಪೆಚ್ಚುನಗೆ. ಆ ನಗೆಯನ್ನು ಕಂಡು ಡಾಲಿ ನೋವಿನಿಂದ ನಡುಗುತ್ತಾಳೆ. ಮಗಳ ಎದುರು ಮಾತ್ರ ಅವನಿಗೆ ನಿಜವಾದ ನಾಚಿಕೆಯಾಗುತ್ತದೆ. ಇಲ್ಲಿಂದ ಲೋಕರೂಢಿಯ ಮೊದಲ ಉತ್ತರದತ್ತ ಸಾಗುವುದು ಟಾಲ್‌ಸ್ಟಾಯ್ ಅವರಿಗೆ ಬಹಳ ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಸ್ತೀವಾ ಮಗಳಿಗೆ ಅವಳಿಗಿಷ್ಟವಾದ ಎರಡು ಮಿಠಾಯಿ ಆರಿಸಿಕೊಟ್ಟು ಕಳುಹಿಸುತ್ತಾನೆ. ಒಂದು ತಮ್ಮನಿಗೆ ತಾನೇ ಎಂದು ಅವಳು ಕೇಳುತ್ತಾಳೆ. ನಾಚಿಕೆ ಅಲ್ಲಿಗೆ ಮುಗಿಯಿತು. ಕಾದಂಬರಿಯ ಮುಂದಿನ ಭಾಗಗಳಲ್ಲಿ ಅವನು ಹೆಂಡತಿಯ ಪಾಲಿಗೆ ಬಂದಿದ್ದ ಕಾಡನ್ನು ಕಡಿಮೆ ಬೆಲೆಗೆ ಮಾರುತ್ತಾನೆ. ಡಾಲಿ ಮಕ್ಕಳನ್ನು ಕಟ್ಟಿಕೊಂಡು ಹಳ್ಳಿಯ ಹಳೆಯ ಮನೆಯಲ್ಲಿ ಬೇಸಿಗೆ ಕಳೆಯುತ್ತಾಳೆ. ಮಗಳ ಮೇಲಿನ ಪ್ರೀತಿ ಸುಳ್ಳಲ್ಲ, ಅದರಿಂದ ಅವನು ಬದಲಾಗುವುದೂ ಇಲ್ಲ.

ಆ ಫ್ರೆಂಚ್ ಹೆಂಗಸು ಗವರ್ನೆಸ್ ಆಗಿದ್ದಳೆಂಬುದನ್ನು ವಿಮರ್ಶಕರು ವರ್ಗದ ಪ್ರಶ್ನೆಯಾಗಿ ನೋಡುವುದುಂಟು. ಅದು ಸರಿಯೇ. ಆದರೆ ಗವರ್ನೆಸ್ ಎಂದರೆ ಮಕ್ಕಳಿಗಾಗಿ ಮನೆಯೊಳಗೆ ಬಂದವಳು. ಸ್ತೀವಾ ತನ್ನ ಎರಡು ಬದುಕುಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಇರಿಸಿಲ್ಲ. ಮಗಳ ಓದಿನ ಕೋಣೆಯೇ ಅವನ ಪ್ರಣಯದ ಹೊಸ್ತಿಲೂ ಆಗಿತ್ತು. ತಾನ್ಯಾಳ ಮುಖ ಕೆಂಪೇರುವಾಗ ಅವಳು ಎಷ್ಟನ್ನು ಬಲ್ಲಳೆಂಬುದನ್ನು ಟಾಲ್‌ಸ್ಟಾಯ್ ಅಳೆದು ಹೇಳುವುದಿಲ್ಲ.

ಇದೇ ಕಾದಂಬರಿಯಲ್ಲಿ ಇಂಥ ತಂದೆ ಇನ್ನೊಬ್ಬನಿದ್ದಾನೆ. ವ್ರಾನ್‌ಸ್ಕಿ ಸ್ತೀವಾನಂತೆ ಗೃಹಸ್ಥನಲ್ಲ. ಮದುವೆಯ ಯೋಚನೆಯಿಲ್ಲದೆ ಕಿಟಿಯ ಮನಸ್ಸನ್ನು ಸೆಳೆದು ಬಿಟ್ಟವನು, ಅನಂತರ ಅನ್ನಾಳಲ್ಲಿ ಪೂರ್ಣವಾಗಿ ಮುಳುಗಿದವನು. ಅವರಿಗೆ ಹುಟ್ಟುವುದು ಹೆಣ್ಣುಮಗು. ಕಾನೂನಿನ ಕಣ್ಣಿನಲ್ಲಿ ಆ ಮಗು ಅನ್ನಾಳ ಗಂಡ ಕರೆನಿನ್‌ನದು. ಆರನೆಯ ಭಾಗದಲ್ಲಿ ವ್ರಾನ್‌ಸ್ಕಿ ಈ ಸಂಕಟವನ್ನು ಡಾಲಿಯ ಮುಂದೆ ತೋಡಿಕೊಳ್ಳುತ್ತಾನೆ. ಆದರೆ ಮಗಳಿಂದ ಆರಂಭವಾದ ಅವನ ಮಾತು ಬಹುಬೇಗ, ಮುಂದೆ ಮಗ ಹುಟ್ಟಿದರೆ ಅವನು ತನ್ನ ಹೆಸರಿಗೂ ಆಸ್ತಿಗೂ ವಾರಸುದಾರನಾಗಲಾರನಲ್ಲ ಎಂಬ ಕಡೆಗೆ ಹೊರಳುತ್ತದೆ. ದೌಹಿತ್ರರನ್ನು ಬಯಸಿ ಮಗಳನ್ನು ಕೊಟ್ಟ ಯಯಾತಿ ಇಲ್ಲಿ ನೆನಪಾಗದೆ ಇರಲಾರನು. ತಾಯಿಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ: ಮಗುವಿಗೆ ಎಷ್ಟು ಹಲ್ಲು ಬಂದಿವೆಯೆಂಬುದು ಅನ್ನಾಳಿಗೆ ಗೊತ್ತಿಲ್ಲವೆಂದು ತಿಳಿದಾಗ, ಹಲವು ಮಕ್ಕಳ ತಾಯಿಯಾದ ಡಾಲಿ ಕಸಿವಿಸಿಗೊಳ್ಳುತ್ತಾಳೆ.

ಆ ಕೂಸನ್ನು ಮೊದಲು ಕಣ್ತುಂಬ ನೋಡಿದವನು ಕರೆನಿನ್. ಅನ್ನಾ ಬಾಣಂತಿ ಜ್ವರದಲ್ಲಿ ಮಲಗಿದ್ದಾಗ ಯಾರ ಗಮನವೂ ಇಲ್ಲದ ಆ ಮಗುವಿನ ಬಳಿ ಅವನು ದಿನದಲ್ಲಿ ಹಲವು ಸಲ ಹೋಗಿ ಕೂರುತ್ತಾನೆ. ಕಾದಂಬರಿಯುದ್ದಕ್ಕೂ ಶುಷ್ಕ ಅಧಿಕಾರಿಯಂತೆ ತೋರುವ ಈ ಮನುಷ್ಯ, ಹೆಂಡತಿಯ ಪ್ರಿಯಕರನ ಮಗಳ ಮುಂದೆ ಮೃದುವಾಗುತ್ತಾನೆ. ಎಂಟನೆಯ ಭಾಗದಲ್ಲಿ, ಅನ್ನಾಳ ಸಾವಿನ ನಂತರ, ಮಗುವನ್ನು ಅವನೇ ಕರೆದೊಯ್ದ ಸಂಗತಿ ವ್ರಾನ್‌ಸ್ಕಿಯ ತಾಯಿಯ ಮಾತಿನಲ್ಲಿ ಬರುತ್ತದೆ. ಆ ಗಳಿಗೆಯಲ್ಲಿ ಎಲ್ಲಕ್ಕೂ ಒಪ್ಪಿದ ವ್ರಾನ್‌ಸ್ಕಿ ಈಗ ಮಗಳನ್ನು ಪರರಿಗೆ ಕೊಟ್ಟೆನೆಂದು ಕೊರಗುತ್ತಾನೆ, ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯಲಾರ. ಅವನ ಶೋಕ ಸಾಚಾ ಆದದ್ದೇ. ಆದರೂ ಅವನು ಯುದ್ಧಭೂಮಿಗೆ ಹೊರಟಿದ್ದಾನೆ. ಮಗು ಕರೆನಿನ್‌ನ ಮನೆಯಲ್ಲಿದೆ. ಪಿತೃತ್ವವನ್ನು ರಕ್ತಸಂಬಂಧದಿಂದ ಬಿಡಿಸಿ ಆರೈಕೆಗೆ ಜೋಡಿಸುವ ಈ ಎಳೆಯನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ.

ಚೆಕಾಫ್ ಅವರ ‘ನಾಯಿಯೊಂದಿಗಿನ ಮಹಿಳೆ’ (1899) ಕಥೆಯಲ್ಲಿ ಟಾಲ್‌ಸ್ಟಾಯ್ ಅವರ ಹರಹಿಲ್ಲ. ಅದರ ನಾಯಕ ಗುರೋವ್‌ಗೆ ಇನ್ನೂ 40 ತುಂಬಿಲ್ಲ. 12 ವರ್ಷದ ಮಗಳು, ಶಾಲೆಗೆ ಹೋಗುವ ಇಬ್ಬರು ಗಂಡುಮಕ್ಕಳು. ಹೆಂಡತಿಗೆ ದ್ರೋಹ ಬಗೆಯುವುದು ಅವನಿಗೆ ಹಳೆಯ ಅಭ್ಯಾಸ. ಹೆಂಗಸರನ್ನು ಕೀಳುಜಾತಿಯೆಂದು ಆಡಿಕೊಳ್ಳುವ ಇವನಿಗೆ ಅವರಿಲ್ಲದೆ ಎರಡು ದಿನ ಕಳೆಯುವುದೂ ಕಷ್ಟ. ಯಾಲ್ಟಾದ ಕಡಲ ತೀರದಲ್ಲಿ ಅನ್ನಾ ಸೆರ್ಗೇಯೆವ್ನಾಳ ಪರಿಚಯವಾದ ರಾತ್ರಿ, ಮಲಗುವಾಗ ಅವನಿಗೊಂದು ಯೋಚನೆ ಬರುತ್ತದೆ: ಇವಳು ಮೊನ್ನೆಮೊನ್ನೆಯವರೆಗೂ, ಈಗ ತನ್ನ ಮಗಳು ಓದುತ್ತಿರುವಂತೆಯೇ, ಶಾಲೆಯಲ್ಲಿ ಪಾಠ ಓದುತ್ತಿದ್ದವಳು. ಅಪಾಯದ ಅಂಚಿನಲ್ಲಿರುವ ಹೋಲಿಕೆ ಇದು. ಜನಪ್ರಿಯ ಕಥೆಯೊಂದರಲ್ಲಾದರೆ ನಾಯಕ ಇಲ್ಲಿ ಬೆಚ್ಚಿ ಎಚ್ಚರಗೊಳ್ಳಬೇಕಿತ್ತು. ಗುರೋವ್ ಬೆಚ್ಚುವುದಿಲ್ಲ. ಅವಳ ತೆಳ್ಳನೆಯ ಕೊರಳನ್ನೂ ಬೂದುಬಣ್ಣದ ಕಣ್ಣುಗಳನ್ನೂ ನೆನೆದು, ಅವಳಲ್ಲೇನೋ ಕರುಣೆ ಹುಟ್ಟಿಸುವಂಥದಿದೆ ಎಂದುಕೊಂಡು ನಿದ್ದೆಹೋಗುತ್ತಾನೆ. ಆದರೂ ಚೆಕಾಫ್ ಬೀಜ ಬಿತ್ತಿ ಆಗಿದೆ. ಇವನ ಮನಸ್ಸಿನಲ್ಲಿ ಕಾಮದ ಪಕ್ಕದಲ್ಲಿ ಮರುಕ ಬಂದು ನಿಂತಿದೆ, ಅದು ಬಂದದ್ದು ಮಗಳ ದಾರಿಯಿಂದ.

ನಾಲ್ಕನೆಯ ಭಾಗದಲ್ಲಿ ಆ ಮಗಳು ಕಾಣಿಸಿಕೊಳ್ಳುತ್ತಾಳೆ. ಮಾಸ್ಕೋದ ಚಳಿಗಾಲದ ಬೆಳಿಗ್ಗೆ, ಒದ್ದೆ ಹಿಮ ಬೀಳುತ್ತಿದೆ. ಗುಟ್ಟಾಗಿ ಬಂದಿಳಿದಿರುವ ಅನ್ನಾಳನ್ನು ಕಾಣಲು ಗುರೋವ್ ಹೋಟೆಲಿಗೆ ಹೊರಟಿದ್ದಾನೆ. ಮಗಳ ಶಾಲೆ ಅದೇ ದಾರಿಯಲ್ಲಿದೆ, ಆದ್ದರಿಂದ ಜೊತೆಗೆ ನಡೆಯುತ್ತಾನೆ. ಶೂನ್ಯಕ್ಕಿಂತ ಮೂರು ಡಿಗ್ರಿ ಹೆಚ್ಚಿದ್ದರೂ ಹಿಮ ಹೇಗೆ ಬೀಳುತ್ತದೆ ಎಂದು ಅವಳಿಗೆ ವಿವರಿಸುತ್ತಾನೆ. ಚಳಿಗಾಲದಲ್ಲಿ ಗುಡುಗು ಏಕಿಲ್ಲ ಎಂದು ಅವಳು ಕೇಳಿದರೆ ಅದನ್ನೂ ಹೇಳುತ್ತಾನೆ. ಹೇಳುತ್ತಲೇ, ತನಗೆ ಎರಡು ಬದುಕುಗಳಿವೆ, ಎಲ್ಲರಿಗೂ ಕಾಣುವ ಬದುಕು ಸುಳ್ಳಿನಿಂದ ತುಂಬಿದೆ, ನಿಜವಾದದ್ದೆಲ್ಲ ಗುಟ್ಟಿನಲ್ಲಿದೆ ಎಂದು ಯೋಚಿಸುತ್ತಾನೆ. ಮಗಳನ್ನು ಶಾಲೆಯ ಬಳಿ ಬಿಟ್ಟು ಹೋಟೆಲಿಗೆ ಹೋಗುತ್ತಾನೆ.

ಗುರೋವ್ ಸ್ತೀವಾನಂತಲ್ಲ, ಅವನು ನಿಜಕ್ಕೂ ಬದಲಾಗಿದ್ದಾನೆ, ಜೀವನದಲ್ಲಿ ಮೊದಲ ಬಾರಿಗೆ ಪ್ರೀತಿಸಿದ್ದಾನೆ. ಆದರೆ ಆ ಬದಲಾವಣೆಯ ಫಲ ಮಗಳಿಗೆ ಸಿಕ್ಕಿಲ್ಲ. ಅವನ ನಿಜದ ಬದುಕಿನಲ್ಲಿ ಅವಳಿಗೆ ಜಾಗವಿಲ್ಲ. ಅವಳು ಇರುವುದು ಸುಳ್ಳಿನ ಭಾಗದಲ್ಲಿ. ಚೆಕಾಫ್ ಅವಳಿಗೆ ಹೆಸರನ್ನೂ ಇಟ್ಟಿಲ್ಲ. ಅವಳು ಕೇಳಿದ್ದಕ್ಕೆಲ್ಲ ಅಪ್ಪ ಸರಿಯಾದ ಉತ್ತರ ಕೊಟ್ಟಿದ್ದಾನೆ, ಕೇಳದೆ ಇರುವುದೊಂದೇ ಉಳಿದಿದೆ. ತಾನ್ಯಾಳಿಗೆ ಗೊತ್ತಿತ್ತು, ಈ ಹುಡುಗಿಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಹೆಚ್ಚು ಕಳವಳ ಹುಟ್ಟಿಸುವುದು ಎರಡನೆಯದು. ಗುರೋವ್‌ನ ಪ್ರೇಮವನ್ನು ಮೆಚ್ಚಿ ಬರೆಯುವ ವಿಮರ್ಶೆ ಈ ನಡಿಗೆಯನ್ನು ಬರಿಯ ಹಿನ್ನೆಲೆಯೆಂದು ಬದಿಗೆ ಸರಿಸಿದರೆ ಕಥೆಯ ಅರ್ಧ ಭಾರ ಇಳಿದುಹೋಗುತ್ತದೆ.

ಈ ಹಿನ್ನೆಲೆಯಲ್ಲಿ ಕಾರ್ನಾಡರ ‘ಯಯಾತಿ’ಯನ್ನು ಮತ್ತೆ ನೋಡಬಹುದು. ನಾಟಕಕ್ಕೆ ಆಧಾರವಾದ ಆದಿಪರ್ವದ ಕಥೆಯಲ್ಲಿ ಯೌವನದ ವಿನಿಮಯ ತಂದೆ ಮತ್ತು ಮಗನ ನಡುವೆ ನಡೆಯುವಂಥದು. ಮಾಧವಿಯನ್ನು ಕಾರ್ನಾಡರು ತರಲಿಲ್ಲ. ಆದರೆ ಮೂಲದಲ್ಲಿಲ್ಲದ ಚಿತ್ರಲೇಖೆಯನ್ನು, ಪೂರುವಿನ ಹೆಂಡತಿಯನ್ನು, ಸೃಷ್ಟಿಸಿದರು. ಮಗಳಿಲ್ಲದ ಮನೆಗೆ ಮಗಳ ಸ್ಥಾನದಲ್ಲಿ ಬಂದವಳು ಈ ಸೊಸೆ. ಗಂಡನ ಮುಪ್ಪನ್ನು ಕಂಡು ಹಿಮ್ಮೆಟ್ಟಿದ ಅವಳಿಗೆ ಯಯಾತಿ ಕರ್ತವ್ಯದ ಮಾತಾಡುತ್ತಾನೆ. ಮಗನ ಯೌವನವನ್ನು ನೀವು ಪಡೆದಿರಾದರೆ ಆ ಯೌವನಕ್ಕೆ ಸೇರಿದ ಹೆಣ್ಣನ್ನೂ ಸ್ವೀಕರಿಸಬೇಕಲ್ಲವೇ ಎಂಬ ತರ್ಕವನ್ನು ಅವಳು ಮುಂದಿಡುತ್ತಾಳೆ. ಯಯಾತಿ ತತ್ತರಿಸುತ್ತಾನೆ. ಸ್ತ್ರೀಲೋಲನೊಬ್ಬನಿಗೆ ಒಬ್ಬ ಹೆಣ್ಣಿನ ಮಾತಿನಿಂದ ಗಾಬರಿಯಾಗುವುದು ಇಲ್ಲಿ ಮಾತ್ರ. ಅವನು ಎರಡು ಕೋಣೆಗಳಲ್ಲಿ ಇರಿಸಿಕೊಂಡಿದ್ದ ಪ್ರೇಮಿಯನ್ನೂ ತಂದೆಯನ್ನೂ ಚಿತ್ರಲೇಖೆ ಒಂದೇ ಬೆಳಕಿಗೆ ಎಳೆದು ತರುತ್ತಾಳೆ. ತಾನ್ಯಾಳ ಕೆಂಪೇರಿದ ಮುಖ ಇಲ್ಲಿ ಮಾತಾಗಿದೆ.

ಅನಂತರ ಅವಳು ವಿಷ ಸೇವಿಸಿ ಸಾಯುತ್ತಾಳೆ. ಯಯಾತಿ ಯೌವನವನ್ನು ಮರಳಿಸಿ ಕಾಡಿಗೆ ಹೊರಡುತ್ತಾನೆ. ನಾಟಕವನ್ನು ಎಷ್ಟೇ ಮೆಚ್ಚಿದರೂ ಈ ಮುಕ್ತಾಯ ನನ್ನನ್ನು ಕಾಡುತ್ತದೆ. ಹಿರಿಯನ ಎಚ್ಚರಕ್ಕೆ ಕಿರಿಯಳ ಹೆಣ ಬೇಕಾಯಿತು. ಔಷಧವೂ ದಂಡವೂ ಒಂದೇ ಆದವು. ಇದನ್ನು 23ರ ಹರೆಯದ ನಾಟಕಕಾರನ ದೋಷವೆನ್ನುವುದಕ್ಕಿಂತ, ಕಥನದ ರೂಢಿ ಎಷ್ಟು ಬಲವಾದುದೆಂಬುದಕ್ಕೆ ಸಾಕ್ಷಿಯೆನ್ನುವುದೇ ನ್ಯಾಯ.

ಮಾಧವಿಯನ್ನು ಕೇಂದ್ರಕ್ಕೆ ತಂದ ಆಧುನಿಕ ನಾಟಕ ಹಿಂದಿಯಲ್ಲಿದೆ. 1980ರ ದಶಕದಲ್ಲಿ ಬಂದ ಭೀಷ್ಮ ಸಾಹನಿಯವರ ‘ಮಾಧವಿ’ಯಲ್ಲಿ ಯಯಾತಿ ಮಗಳನ್ನು ಕೊಟ್ಟು ದಾನಶೂರನೆಂಬ ಕೀರ್ತಿ ಗಳಿಸುತ್ತಾನೆ. ಉದ್ಯೋಗಪರ್ವದ ಆಖ್ಯಾನವಾದರೋ ಅಲ್ಲಿಗೆ ನಿಲ್ಲದೆ ಇನ್ನೂ ಮುಂದೆ ಹೋಗುತ್ತದೆ. ಅಹಂಕಾರದಿಂದ ಸ್ವರ್ಗಚ್ಯುತನಾದ ಯಯಾತಿ ಬಂದು ಬೀಳುವುದು ಮಾಧವಿಯ ನಾಲ್ವರು ಮಕ್ಕಳು ಯಜ್ಞ ಮಾಡುತ್ತಿರುವ ಸ್ಥಳದಲ್ಲಿ. ಅವರು ತಮ್ಮ ಪುಣ್ಯವನ್ನು ಕೊಡಲು ಬಂದರೆ, ತಾನು ದಾನ ಪಡೆಯುವ ಬ್ರಾಹ್ಮಣನಲ್ಲ, ಕ್ಷತ್ರಿಯ ಎಂದು ನಿರಾಕರಿಸುತ್ತಾನೆ. ಅಷ್ಟರಲ್ಲಿ ಜಿಂಕೆಯಂತೆ ಕಾಡಿನಲ್ಲಿ ಅಲೆಯುತ್ತಿದ್ದ ಮಾಧವಿ ಅಲ್ಲಿಗೆ ಬರುತ್ತಾಳೆ. ಇವರು ನಿನ್ನ ದೌಹಿತ್ರರು ಎಂದು ತಂದೆಗೆ ಗುರುತು ಹೇಳಿ, ತನ್ನ ತಪಸ್ಸಿನ ಅರ್ಧವನ್ನು ಅವನಿಗೆ ಕೊಡುತ್ತಾಳೆ. ಇನ್ನರ್ಧ ಅವಳಲ್ಲೇ ಉಳಿಯಿತು.