ದರಿಯಾ ದೌಲತ್ ಬಾಗ್

ದರಿಯಾ ದೌಲತ್ ಬಾಗ್ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ, ಕೋಟೆಯ ಹೊರಗೆ ಕಾವೇರಿ ದಂಡೆಯ ತೋಟದ ನಡುವೆ ಇರುವ ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ. 1784ರಲ್ಲಿ ನಿರ್ಮಾಣಗೊಂಡ ಈ ಕಟ್ಟಡವು 1959ರಿಂದ ಟಿಪ್ಪು ಸುಲ್ತಾನ್ ವಸ್ತುಸಂಗ್ರಹಾಲಯವಾಗಿದ್ದು, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಹೆಸರಿನ ಅರ್ಥ ‘ಸಮುದ್ರದ ಸಂಪತ್ತು’. ಕೋಟೆಯೊಳಗಿದ್ದ ಮುಖ್ಯ ಅರಮನೆ ಲಾಲ್ ಮಹಲ್ ಇಂದು ಉಳಿದಿಲ್ಲ. ಆದ್ದರಿಂದ ಟಿಪ್ಪುವಿನ ಆಸ್ಥಾನದ ಅಲಂಕಾರ ಕಲೆಯನ್ನು ಅವನ ರಾಜಧಾನಿಯಲ್ಲಿಯೇ ಕಾಣಲು ಈ ಮನೆಯೇ ಮುಖ್ಯ ಆಧಾರ.

ಕಟ್ಟಡ

ಎತ್ತರದ ಜಗಲಿಯ ಮೇಲಿರುವ ಈ ಎರಡಂತಸ್ತಿನ ಅರಮನೆಯಲ್ಲಿ ತೇಗದ ಮರದ ಬಳಕೆ ಹೆಚ್ಚು. ಹೊರ ಅಂಚಿನುದ್ದಕ್ಕೂ ನಿಂತ ಮರದ ಕಂಬಗಳು ಚಾವಣಿಯನ್ನು ಹೊತ್ತಿವೆ. ಗೋಡೆ, ಕಂಬ, ಕಮಾನುಗಳ ಮೇಲೆಲ್ಲ ಹೂಬಳ್ಳಿಯ ಚಿತ್ತಾರವಿದ್ದು, ಖಾಲಿ ಜಾಗವೇ ಇಲ್ಲವೆನ್ನಬಹುದು.

ಭಿತ್ತಿಚಿತ್ರಗಳು

ಅರಮನೆಯ ಖ್ಯಾತಿಗೆ ಕಾರಣವಾದುದು ಪಶ್ಚಿಮದ ಗೋಡೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪ ನಡೆದ ಪೊಲ್ಲಿಲೂರು ಯುದ್ಧದಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ದಳವನ್ನು ಸೋಲಿಸಿದ ದೃಶ್ಯ ಇಲ್ಲಿದೆ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿ, ಅವನ ಸುತ್ತ ಚೌಕಾಕಾರದಲ್ಲಿ ನಿಂತ ಸೈನಿಕರು, ಸಿಡಿಯುತ್ತಿರುವ ಮದ್ದಿನ ಬಂಡಿ, ತಡವಾಗಿ ಬರುತ್ತಿರುವ ನಿಜಾಮನ ಸೇನೆ ಎಲ್ಲವೂ ಒಂದೇ ನೋಟದಲ್ಲಿ ಕಾಣುತ್ತವೆ. ಚಿತ್ರಕಾರನು ಫ್ರೆಂಚರಿಗೆ ಮೀಸೆ ಬರೆದು, ಇಂಗ್ಲಿಷರನ್ನು ಮೀಸೆಯಿಲ್ಲದವರನ್ನಾಗಿ ತೋರಿಸಿದ್ದಾನೆ. ಪೂರ್ವದ ಗೋಡೆಯಲ್ಲಿ ಚಿತ್ರದುರ್ಗದ ಮದಕರಿ ನಾಯಕ, ಮಾಗಡಿಯ ಕೆಂಪೇಗೌಡ, ಸವಣೂರಿನ ನವಾಬ ಮೊದಲಾದ ಅರಸರ ಚಿತ್ರಗಳಿವೆ.

ಇಂದು ಕಾಣುವ ಬಣ್ಣಗಳೆಲ್ಲವೂ 1784ರ ಕಾಲದವಲ್ಲ. 1799ರ ಮುತ್ತಿಗೆಗೆ ಮುನ್ನವೇ ಚಿತ್ರಗಳು ಹಾಳಾಗಿದ್ದವು. ಟಿಪ್ಪುವಿನ ಮರಣಾನಂತರ ಇಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು, ಅವುಗಳನ್ನು ಮತ್ತೆ ಬರೆಸಿದನು. ಆ ಬಳಿಕ ಗೋಡೆಗೆ ಸುಣ್ಣ ಬಿದ್ದಿತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ, ಮೂಲಚಿತ್ರಗಳ ನೆನಪಿದ್ದ ದೇಶೀ ಕಲಾವಿದನೊಬ್ಬನು ಅವುಗಳನ್ನು ಪುನಃ ರಚಿಸಿದನು. ತಮ್ಮ ಸೋಲಿನ ಚಿತ್ರವನ್ನು ಬ್ರಿಟಿಷರೇ ಎರಡು ಬಾರಿ ಉಳಿಸಿಕೊಂಡದ್ದು ವಿಶೇಷ. ಹೀಗಾಗಿ ರಚನೆಯ ಕಲ್ಪನೆಯನ್ನು ಟಿಪ್ಪುವಿನ ಕಾಲದ್ದೆಂದು ಪರಿಗಣಿಸಬಹುದಾದರೂ, ಮುಖಭಾವ ಅಥವಾ ಉಡುಪಿನ ಸೂಕ್ಷ್ಮ ವಿವರಗಳನ್ನು ಸಮಕಾಲೀನ ಸಾಕ್ಷ್ಯವೆಂದು ಬಳಸುವಾಗ ಎಚ್ಚರ ಅಗತ್ಯ.

ವಸ್ತುಸಂಗ್ರಹಾಲಯ

ಟಿಪ್ಪುವಿನ ಮಕ್ಕಳು ಮತ್ತು ಅಧಿಕಾರಿಗಳನ್ನು ಚಿತ್ರಿಸಿದ ಥಾಮಸ್ ಹಿಕಿಯ ರೇಖಾಚಿತ್ರಗಳು, ನಾಣ್ಯಗಳು ಹಾಗೂ ಶ್ರೀರಂಗಪಟ್ಟಣದ ಪತನವನ್ನು ತೋರುವ ರಾಬರ್ಟ್ ಕೆರ್ ಪೋರ್ಟರನ ವರ್ಣಚಿತ್ರ ಇಲ್ಲಿನ ಸಂಗ್ರಹದಲ್ಲಿವೆ.