ಅಂಗಡಿಯಲ್ಲಿ ಕದ್ದವರನ್ನು ಅಕ್ಕಿ ಹಿಡಿದುಕೊಡುತ್ತದೆಯೇ?

‘ಗಲ್ಲಾಪೆಟ್ಟಿಗೆಯಲ್ಲಿ ಹಣ ಕಮ್ಮಿಯಾದರೆ ಕೆಲಸದವರಿಗೆಲ್ಲ ಅಕ್ಕಿ ಅಗಿಯಲು ಕೊಡಿ, ಕಳ್ಳನ ಬಾಯಲ್ಲಿ ಅದು ಒದ್ದೆಯಾಗುವುದೇ ಇಲ್ಲ.’ ಈ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ನಿಜವಿದೆ: ಹೆದರಿದಾಗ ಜೊಲ್ಲು ಕಡಿಮೆಯಾಗುತ್ತದೆ. ಆದರೆ ಮಾಲೀಕರು ದುರುಗುಟ್ಟಿ ನೋಡುತ್ತಿದ್ದರೆ, ಏನೂ ಕದಿಯದ ಹುಡುಗನ ಬಾಯಿಯೂ ಒಣಗುತ್ತದೆ. ಪಳಗಿದ ಕಳ್ಳ ಆರಾಮಾಗಿ ಅಗಿದು ಉಗುಳುತ್ತಾನೆ! ಸುಳ್ಳು ಪತ್ತೆ ಯಂತ್ರವನ್ನೂ ಒಪ್ಪಿಗೆಯಿಲ್ಲದೆ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ, ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಹೇಳಿದೆ.

ನಾವು ನಂಬುವುದು ಲೆಕ್ಕವನ್ನು. ಬೆಳಿಗ್ಗೆ ಗಲ್ಲಾದಲ್ಲಿ ಇಟ್ಟ ಚಿಲ್ಲರೆ ಬರೆದಿಡಿ. ರಾತ್ರಿ ಬಿಲ್ ಮೊತ್ತವನ್ನು ನಗದು ಮತ್ತು ಖಾತೆಗೆ ಬಂದ ಯುಪಿಐ ಹಣದೊಂದಿಗೆ ತಾಳೆ ನೋಡಿ. ರದ್ದಾದ ಬಿಲ್‌ಗಳನ್ನು ಬಿಡಬೇಡಿ. ಗಿರಾಕಿ ಹಣ ಕೊಟ್ಟು ಹೋದ ಮೇಲೆ ಬಿಲ್ ರದ್ದು ಮಾಡಿ ಜೇಬಿಗಿಳಿಸುವುದು ಹಳೆಯ ಕೈಚಳಕ. ಕೌಂಟರ್‌ನ ಕ್ಯೂಆರ್ ಕೋಡ್ ಮೇಲೆ ಬೇರೆಯವರದ್ದು ಅಂಟಿಸಿದೆಯೇ? ನೀವೇ ಒಂದು ರೂಪಾಯಿ ಕಳಿಸಿ, ಯಾರ ಹೆಸರು ಬರುತ್ತದೆ ನೋಡಿ. ಬಿಲ್ ಹಾಕುವವರೇ ಸರಕು ಎಣಿಸುವುದು ಬೇಡ.

ಲೆಕ್ಕ ತಪ್ಪಿದರೆ ಮೊದಲು ಚಿಲ್ಲರೆ ಹೆಚ್ಚು ಹೋಗಿದೆಯೇ, ಸರಕೇ ಕಡಿಮೆ ಬಂದಿದೆಯೇ ನೋಡಿ. ಸಾಕ್ಷಿ ಸಿಕ್ಕರೆ, ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ಉಳಿಸಿಕೊಂಡು ಪೊಲೀಸರಿಗೆ ದೂರು ಕೊಡಿ. ನೌಕರರ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 306ನೇ ಕಲಂನಡಿ 7 ವರ್ಷದವರೆಗೆ ಜೈಲು ಶಿಕ್ಷೆಯಿದೆ. ಫೋಟೊ ಹಾಕಿ ‘ಇವನೇ ಕಳ್ಳ’ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದರೆ ಮಾತ್ರ, ಮಾನಹಾನಿ ಕೇಸು ನಿಮ್ಮ ಮೇಲೇ ಬೀಳಬಹುದು.