ಬಿಸಿಲುಗಾಲಕ್ಕೆ ಹಗುರವಾದ ಕ್ರೋಶಾ ಕಾರ್ಡಿಗನ್: ತಯಾರಿಕೆ ಹಾಗೂ ವೆಚ್ಚ ಲೆಕ್ಕಾಚಾರದ ಮಾಹಿತಿ

ಪೀಠಿಕೆ

ಸೀರೆಯ ಸೆರಗಿಗೆ ಕ್ರೋಶಾ ಕಡ್ಡಿಯಿಂದ ಕುಚ್ಚು ಹಾಕುವ ಮಹಿಳೆಯರು ರಾಜ್ಯದ ಅನೇಕ ಊರುಗಳಲ್ಲಿದ್ದಾರೆ. ಇವರಲ್ಲಿ ಹಲವರು ಸ್ವಸಹಾಯ ಸಂಘಗಳ ಮೂಲಕವಾಗಲಿ, ಸ್ವಂತವಾಗಿಯಾಗಲಿ ಉಡುಪುಗಳ ತಯಾರಿಕೆಯನ್ನು ಕೈಗೊಳ್ಳಲು ಬಯಸಿ ನೋಂದಣಿ, ಗುರುತಿನ ಚೀಟಿ, ಮಾರಾಟ ಮೇಳಗಳಲ್ಲಿ ಮಳಿಗೆ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುತ್ತಾರೆ. ಹವಾನಿಯಂತ್ರಿತ ಕಚೇರಿಗಳಲ್ಲಿಯೂ ಮುಂಜಾನೆಯ ಪ್ರಯಾಣದಲ್ಲಿಯೂ ಧರಿಸಬಹುದಾದ, ಸೆಕೆಯಾಗದ ತೆಳು ಕಾರ್ಡಿಗನ್ ಇಂತಹ ತಯಾರಿಕೆಗೆ ಸೂಕ್ತವಾದ ಉಡುಪು.

ಈ ಪುಟದಲ್ಲಿ ಎರಡು ವಿಷಯಗಳನ್ನು ವಿವರಿಸಲಾಗಿದೆ. ಒಂದು, ಕಾರ್ಡಿಗನ್ ನಿಜವಾಗಿಯೂ ಹಗುರವಾಗಿರುವಂತೆ ಹೆಣೆಯುವ ಕ್ರಮ. ಎರಡು, ಅದಕ್ಕೆ ತಗಲುವ ನೂಲು ಮತ್ತು ಸಮಯವನ್ನು ಕೆಲಸ ಆರಂಭಿಸುವ ಮೊದಲೇ ಲೆಕ್ಕ ಹಾಕುವ ಕ್ರಮ. ಇವೆರಡಕ್ಕೂ ಆಧಾರ 15 ಸೆಂ.ಮೀ. ಅಳತೆಯ ಒಂದು ಮಾದರಿ ತುಣುಕು.

1. ಹಗುರತನವು ಯಾವುದರಿಂದ ಬರುತ್ತದೆ?

ಕ್ರೋಶಾ ಹೆಣಿಗೆಯಲ್ಲಿ ಪ್ರತಿಯೊಂದು ಹೊಲಿಗೆಯೂ ಹಲವು ಕುಣಿಕೆಗಳಿಂದ ಕೂಡಿರುತ್ತದೆ. ಆದುದರಿಂದ ಅದೇ ನೂಲಿನಲ್ಲಿ ಎರಡು ಕಡ್ಡಿಗಳಿಂದ ಹೆಣೆದ ಬಟ್ಟೆಗಿಂತ ಕ್ರೋಶಾ ಬಟ್ಟೆ ಸಾಮಾನ್ಯವಾಗಿ ದಪ್ಪವಾಗಿರುತ್ತದೆ ಮತ್ತು ಹೆಚ್ಚು ನೂಲನ್ನು ಬಳಸುತ್ತದೆ. ನೂಲನ್ನು ಮಾತ್ರ ಬದಲಿಸಿದರೆ ಉಡುಪು ಹಗುರವಾಗುವುದಿಲ್ಲ. ಈ ಕೆಳಕಂಡ ಮೂರು ಅಂಶಗಳನ್ನು ಒಟ್ಟಿಗೆ ಪರಿಗಣಿಸಬೇಕು.

(ಅ) ನೂಲಿನ ಗುಣ: ಉಣ್ಣೆಯ ಸುರುಳಿಯಾದ ಎಳೆಗಳು ಗಾಳಿಯನ್ನು ಹಿಡಿದಿಟ್ಟು ಶಾಖವನ್ನು ಕಾಯುತ್ತವೆ; ಆದುದರಿಂದ ದಪ್ಪ ಉಣ್ಣೆ ಬಿಸಿಲುಗಾಲಕ್ಕೆ ಹೊಂದುವುದಿಲ್ಲ. ಅಕ್ರಿಲಿಕ್ ನೂಲು ಅಗ್ಗವಾದರೂ ಬೆವರನ್ನು ಹೀರುವುದಿಲ್ಲ. ಹತ್ತಿ ಬೆವರನ್ನು ಹೀರಿ ಆರಲು ಬಿಡುತ್ತದೆ. ಲಿನನ್ ಬೆರೆತ ಹತ್ತಿಯೂ ಉತ್ತಮ. ಬಿದಿರಿನ ವಿಸ್ಕೋಸ್ ನೂಲು ಮೃದುವಾಗಿದ್ದರೂ ತನ್ನ ಭಾರಕ್ಕೆ ಜಗ್ಗುವ ಸ್ವಭಾವದ್ದು.

(ಆ) ನೂಲಿನ ದಪ್ಪ: 100 ಗ್ರಾಂಗೆ ಸುಮಾರು 340ರಿಂದ 380 ಮೀಟರ್ ಬರುವ ತೆಳು ಹತ್ತಿ ನೂಲು ಸೂಕ್ತ. ಉಂಡೆಯ ಮೇಲಿನ ಚೀಟಿಯಲ್ಲಿ ತೂಕ ಮತ್ತು ಉದ್ದ ಎರಡನ್ನೂ ನೋಡಿ ಖರೀದಿಸಬೇಕು.

(ಇ) ಹೆಣಿಗೆಯ ತೆರಪು: ಎತ್ತರದ ಹೊಲಿಗೆಗಳ ನಡುವೆ ತೆರಪು ಬಿಟ್ಟಲ್ಲಿ ನೂಲು ಉಳಿಯುತ್ತದೆ, ಗಾಳಿ ಆಡುತ್ತದೆ. ಇಲ್ಲಿ ವಿವರಿಸಿರುವ ಜಾಲರಿ ಹೆಣಿಗೆಯಲ್ಲಿ ಒಂದು ಟ್ರೆಬಲ್, ಒಂದು ಚೈನ್ ಸರದಿಯಂತೆ ಬರುತ್ತವೆ. ಎರಡು ಟ್ರೆಬಲ್‌ಗಳ ನಡುವಿನ ತೆರಪನ್ನು ಈ ಪುಟದಲ್ಲಿ 'ಕಣ್ಣು' ಎಂದು ಕರೆಯಲಾಗಿದೆ.

2. ಹೊಲಿಗೆಗಳ ಹೆಸರಿನ ಬಗ್ಗೆ ಎಚ್ಚರಿಕೆ

ಬ್ರಿಟಿಷ್ ಮತ್ತು ಅಮೆರಿಕನ್ ಪುಸ್ತಕಗಳಲ್ಲಿ ಒಂದೇ ಹೆಸರು ಬೇರೆ ಬೇರೆ ಹೊಲಿಗೆಗಳನ್ನು ಸೂಚಿಸುತ್ತದೆ. ಬ್ರಿಟಿಷ್ ಪದ್ಧತಿಯ 'ಡಬಲ್ ಕ್ರೋಶಾ' ಅಮೆರಿಕನ್ ಪದ್ಧತಿಯಲ್ಲಿ 'ಸಿಂಗಲ್ ಕ್ರೋಶಾ' ಆಗುತ್ತದೆ. ಬ್ರಿಟಿಷ್ 'ಟ್ರೆಬಲ್' ಅಮೆರಿಕನ್ 'ಡಬಲ್' ಆಗುತ್ತದೆ. ಇದನ್ನು ಗಮನಿಸದೆ ಹೆಣೆದಲ್ಲಿ ಉಡುಪಿನ ಅಳತೆ ಪೂರ್ಣವಾಗಿ ತಪ್ಪುತ್ತದೆ. ಈ ಪುಟದಲ್ಲಿ ಬ್ರಿಟಿಷ್ ಹೆಸರುಗಳನ್ನು ಬಳಸಲಾಗಿದೆ. ಟ್ರೆಬಲ್ ಎಂದರೆ ಕಡ್ಡಿಗೆ ನೂಲನ್ನು ಒಮ್ಮೆ ಸುತ್ತಿ, ಹೊಲಿಗೆಯೊಳಗಿಂದ ನೂಲನ್ನೆಳೆದು, ಕಡ್ಡಿಯ ಮೇಲಿನ ಮೂರು ಕುಣಿಕೆಗಳನ್ನು ಎರಡೆರಡಾಗಿ ಎರಡು ಬಾರಿ ಬಿಡಿಸುವುದು.

3. ಮಾದರಿ ತುಣುಕು

3.5 ಮಿ.ಮೀ. ಕಡ್ಡಿಯಿಂದ 34 ಚೈನ್ ಹಾಕಿ. ಕಡ್ಡಿಯಿಂದ 6ನೇ ಚೈನಿಗೆ ಒಂದು ಟ್ರೆಬಲ್ ಹಾಕಿ. ಅನಂತರ 1 ಚೈನ್ ಹಾಕಿ, ಕೆಳಗಿನ ಒಂದು ಚೈನನ್ನು ಬಿಟ್ಟು ಮುಂದಿನದಕ್ಕೆ ಟ್ರೆಬಲ್ ಹಾಕುತ್ತಾ ಕೊನೆಯವರೆಗೆ ಸಾಗಿ. 15 ಕಣ್ಣುಗಳು ಬರುತ್ತವೆ. ಮುಂದಿನ ಪ್ರತಿ ಸಾಲಿನ ಆರಂಭದಲ್ಲಿ 4 ಚೈನ್ ಹಾಕಿ ತಿರುಗಿಸಿ. ಇವುಗಳಲ್ಲಿ 3 ಚೈನ್ ಮೊದಲ ಟ್ರೆಬಲ್‌ಗೂ 1 ಚೈನ್ ತೆರಪಿಗೂ ಸಲ್ಲುತ್ತವೆ. ಟ್ರೆಬಲ್ ಮೇಲೆ ಟ್ರೆಬಲ್, ಕಣ್ಣಿನ ಮೇಲೆ ಕಣ್ಣು ಬರಬೇಕು. ಸಾಲಿನ ಕೊನೆಯ ಟ್ರೆಬಲನ್ನು ಕೆಳಸಾಲಿನ ತಿರುವಿನ 3ನೇ ಚೈನಿಗೆ ಹಾಕಬೇಕು. ಒಟ್ಟು 15 ಸಾಲು ಹೆಣೆಯಿರಿ.

ಈ ತುಣುಕನ್ನು ಒಗೆದು, ಹಾಸಿ ಒಣಗಿಸಿದ ನಂತರವೇ ಅಳೆಯಬೇಕು. ಉದ್ದ, ಅಗಲ ತಲಾ 15 ಸೆಂ.ಮೀ. ಬಂದಲ್ಲಿ ಸರಿ. ದೊಡ್ಡದಾದಲ್ಲಿ ಸಣ್ಣ ಕಡ್ಡಿಯನ್ನೂ, ಚಿಕ್ಕದಾದಲ್ಲಿ ದಪ್ಪ ಕಡ್ಡಿಯನ್ನೂ ಬಳಸಿ ಮತ್ತೆ ಹೆಣೆಯಬೇಕು. ಒಗೆಯುವಾಗ ಬಿಳಿ ಬಟ್ಟೆಯ ಚೂರೊಂದನ್ನು ಜೊತೆಗೆ ನೆನೆಸಿಟ್ಟರೆ ಬಣ್ಣ ಬಿಡುವುದೇ ಎಂಬುದು ತಿಳಿಯುತ್ತದೆ. ಅಳತೆ ಸರಿಯಾದ ಮೇಲೆ ತುಣುಕನ್ನು ಎರಡು ಕ್ಲಿಪ್‌ಗಳಿಂದ ಒಂದು ದಿನ ತೂಗುಹಾಕಿ. ಹತ್ತಿ ನೂಲು ಎಷ್ಟು ಜಗ್ಗುವುದೆಂಬುದು ಗೊತ್ತಾಗುತ್ತದೆ. ಹೆಚ್ಚು ಜಗ್ಗಿದಲ್ಲಿ ಉಡುಪಿನ ಉದ್ದದಲ್ಲಿ ಎರಡು ಮೂರು ಸಾಲುಗಳನ್ನು ಕಡಿಮೆ ಮಾಡಬೇಕು.

ತುಣುಕಿನ ತೂಕವನ್ನೂ, ಹೆಣೆಯಲು ಹಿಡಿದ ನಿಮಿಷಗಳನ್ನೂ ತಪ್ಪದೆ ಬರೆದಿಟ್ಟುಕೊಳ್ಳತಕ್ಕದ್ದು.

4. ಕಾರ್ಡಿಗನ್ ಹೆಣೆಯುವ ಕ್ರಮ

ಈ ಅಳತೆಯು 88ರಿಂದ 92 ಸೆಂ.ಮೀ. ಎದೆ ಸುತ್ತಳತೆಯವರಿಗೆ ಹೊಂದುತ್ತದೆ. ಸಿದ್ಧ ಉಡುಪಿನ ಸುತ್ತಳತೆ ಸುಮಾರು 100 ಸೆಂ.ಮೀ., ಉದ್ದ 55 ಸೆಂ.ಮೀ. ಒಂದು ಕಣ್ಣು ಅಗಲದಲ್ಲಿ 1 ಸೆಂ.ಮೀ., ಒಂದು ಸಾಲು ಎತ್ತರದಲ್ಲಿ 1 ಸೆಂ.ಮೀ. ಆಗುವುದರಿಂದ ಬೇರೆ ಅಳತೆಗೆ ಬದಲಿಸುವುದು ಸುಲಭ. ಅಗಲದಲ್ಲಿ ಪ್ರತಿ ಸೆಂಟಿಮೀಟರಿಗೆ ಆರಂಭದ ಚೈನಿನಲ್ಲಿ 2 ಚೈನ್ ಹೆಚ್ಚಿಸಬೇಕು ಅಥವಾ ಕಡಿಮೆ ಮಾಡಬೇಕು.

(ಅ) ಬೆನ್ನಿನ ಭಾಗ: 104 ಚೈನ್ ಹಾಕಿ ಆರಂಭಿಸಿ. 50 ಕಣ್ಣುಗಳ 55 ಸಾಲುಗಳನ್ನು ಹೆಣೆಯಿರಿ.

(ಆ) ಮುಂಭಾಗ (ಎರಡು): ಪ್ರತಿಯೊಂದಕ್ಕೂ 52 ಚೈನ್ ಹಾಕಿ, 24 ಕಣ್ಣುಗಳ 31 ಸಾಲುಗಳನ್ನು ನೇರವಾಗಿ ಹೆಣೆಯಿರಿ. 32ನೇ ಸಾಲಿನಿಂದ ಮೂರು ಸಾಲಿಗೊಮ್ಮೆ ಕತ್ತಿನ ಅಂಚಿನಲ್ಲಿ ಒಂದು ಕಣ್ಣನ್ನು ಕಡಿಮೆ ಮಾಡಬೇಕು. ಆ ಅಂಚು ಸಾಲಿನ ಕೊನೆಯಲ್ಲಿ ಬಂದರೆ ಕೊನೆಯ ಎರಡು ಟ್ರೆಬಲ್‌ಗಳನ್ನು ಒಂದಾಗಿ ಮುಗಿಸಿ. ಆರಂಭದಲ್ಲಿ ಬಂದರೆ 4 ಚೈನ್ ಬದಲಿಗೆ 2 ಚೈನ್ ಹಾಕಿ, ನೇರವಾಗಿ ಮುಂದಿನ ಟ್ರೆಬಲ್ ಮೇಲೆ ಟ್ರೆಬಲ್ ಹಾಕಿ. ಆ 2 ಚೈನ್‌ಗಳನ್ನು ಎಣಿಕೆಗೆ ಸೇರಿಸಬಾರದು. 53ನೇ ಸಾಲಿನ ಹೊತ್ತಿಗೆ 8 ಕಣ್ಣುಗಳು ಕಡಿಮೆಯಾಗಿ 16 ಉಳಿಯುತ್ತವೆ. 55ನೇ ಸಾಲಿಗೆ ಮುಗಿಸಿ. ಎರಡನೆಯ ಭಾಗದಲ್ಲಿ ಕತ್ತಿನ ಅಂಚು ಎದುರು ಬದಿಗೆ ಬರಬೇಕು.

(ಇ) ತೋಳುಗಳು (ಎರಡು): 84 ಚೈನ್ ಹಾಕಿ, 40 ಕಣ್ಣುಗಳ 25 ಸಾಲುಗಳನ್ನು ಹೆಣೆಯಿರಿ. ಹೆಗಲು ಇಳಿಬಿದ್ದಿರುವ ವಿನ್ಯಾಸವಾದುದರಿಂದ ತೋಳು ಸುಮಾರು ಮೊಣಕೈವರೆಗೆ ಬರುತ್ತದೆ. ಕಂಕುಳಿಗೆ ಪ್ರತ್ಯೇಕ ಆಕಾರ ಬೇಕಿಲ್ಲ.

(ಈ) ಜೋಡಣೆ: ಹೆಗಲಿನಲ್ಲಿ ಮುಂಭಾಗದ 16 ಕಣ್ಣುಗಳನ್ನು ಬೆನ್ನಿನ ಎರಡೂ ತುದಿಗಳ 16 ಕಣ್ಣುಗಳಿಗೆ ಸೇರಿಸಿ, ನಡುವಿನ 18 ಕಣ್ಣುಗಳು ಕತ್ತಿಗೆ ಉಳಿಯುತ್ತವೆ. ಉಡುಪಿನ ಭಾರವೆಲ್ಲ ಹೆಗಲಿನ ಮೇಲೆ ಬೀಳುವುದರಿಂದ ಆ ಹೊಲಿಗೆಯ ಒಳಬದಿಯಲ್ಲಿ ಒಂದು ಸಾಲು ಬಿಗಿಯಾದ ಸ್ಲಿಪ್ ಸ್ಟಿಚ್ ಹಾಕಬೇಕು. ಹೆಗಲಿನಿಂದ ಇಕ್ಕೆಲಗಳಲ್ಲಿ 20 ಸೆಂ.ಮೀ. ಗುರುತು ಮಾಡಿ, ಅಲ್ಲಿ ತೋಳನ್ನು ಜೋಡಿಸಿ, ಅನಂತರ ತೋಳಿನ ಅಡಿಯನ್ನೂ ಪಕ್ಕಗಳನ್ನೂ ಹೊಲಿಯಬೇಕು.

(ಉ) ಅಂಚು: 3 ಮಿ.ಮೀ. ಕಡ್ಡಿಯಿಂದ ಮುಂಭಾಗದ ಅಂಚು ಮತ್ತು ಕತ್ತಿನ ಸುತ್ತ 5 ಸಾಲು ಡಬಲ್ ಕ್ರೋಶಾ ಹಾಕಿ. ಮುಂಭಾಗದ ಬದಿಗಳಲ್ಲಿ ಪ್ರತಿ ಸಾಲಿಗೆ 2 ಹೊಲಿಗೆಗಳಿರಲಿ. ಹೆಚ್ಚಾದರೆ ಅಂಚು ಅಲೆಯಂತಾಗುತ್ತದೆ, ಕಡಿಮೆಯಾದರೆ ಮೇಲಕ್ಕೆ ಎಳೆಯುತ್ತದೆ. 3ನೇ ಸಾಲಿನಲ್ಲಿ, ಬಲಬದಿಗೆ, 2 ಚೈನ್ ಹಾಕಿ 2 ಹೊಲಿಗೆಗಳನ್ನು ಬಿಡುವ ಮೂಲಕ 5 ಗುಂಡಿಮನೆಗಳನ್ನು ಮಾಡಿ. ಭಾರವಾದ ಗುಂಡಿಗಳು ಜಾಲರಿಯನ್ನು ಜಗ್ಗುವುದರಿಂದ ಹಗುರವಾದವನ್ನೇ ಬಳಸಬೇಕು.

5. ನೂಲು ಮತ್ತು ಸಮಯದ ಲೆಕ್ಕ

ಮೇಲಿನ ಎಲ್ಲಾ ಭಾಗಗಳ ವಿಸ್ತೀರ್ಣ ಸುಮಾರು 7,200 ಚದರ ಸೆಂ.ಮೀ. ಮಾದರಿ ತುಣುಕಿನದು 225 ಚದರ ಸೆಂ.ಮೀ. ಅಂದರೆ ಒಂದು ಕಾರ್ಡಿಗನ್ 32 ತುಣುಕುಗಳಿಗೆ ಸಮ. ತುಣುಕು 7 ಗ್ರಾಂ ತೂಗಿದಲ್ಲಿ 224 ಗ್ರಾಂ ನೂಲು ಬೇಕಾಗುತ್ತದೆ. ಅಂಚು ಮತ್ತು ಜೋಡಣೆಗೆ ಶೇ. 15ರಷ್ಟು ಸೇರಿಸಿದರೆ ಸುಮಾರು 258 ಗ್ರಾಂ. 50 ಗ್ರಾಂನ 6 ಉಂಡೆಗಳು ಸಾಕು. ಎಲ್ಲ ಉಂಡೆಗಳೂ ಒಂದೇ ಲಾಟ್ ಸಂಖ್ಯೆಯವಾಗಿರಬೇಕು. ಇಲ್ಲವಾದಲ್ಲಿ ಬಣ್ಣದಲ್ಲಿ ಛಾಯಾಭೇದ ಕಾಣುತ್ತದೆ.

ಸಮಯಕ್ಕೂ ಇದೇ ಲೆಕ್ಕ. ತುಣುಕಿಗೆ 40 ನಿಮಿಷ ಹಿಡಿದಲ್ಲಿ 32 ತುಣುಕುಗಳಿಗೆ 21 ಗಂಟೆ 20 ನಿಮಿಷ. ಜೋಡಣೆ, ಅಂಚು, ಗುಂಡಿ, ಒಗೆತಕ್ಕೆ 6 ಗಂಟೆ 40 ನಿಮಿಷ ಸೇರಿಸಿದರೆ ಒಟ್ಟು 28 ಗಂಟೆ.

ಉದಾಹರಣೆಗಾಗಿ ಮಾತ್ರ, ನೂಲಿಗೆ 450 ರೂ., ಗುಂಡಿ ಇತ್ಯಾದಿಗೆ 60 ರೂ., ಕೆಲಸಕ್ಕೆ ಗಂಟೆಗೆ 75 ರೂ. ಎಂದಿಟ್ಟುಕೊಳ್ಳೋಣ. ಕೂಲಿ 2,100 ರೂ., ಒಟ್ಟು ವೆಚ್ಚ 2,610 ರೂ. ಇದೇ ಕಾರ್ಡಿಗನ್ನನ್ನು 900 ರೂ.ಗೆ ಮಾರಿದಲ್ಲಿ ನೂಲು, ಗುಂಡಿಯ ಹಣ ಕಳೆದು ಉಳಿಯುವುದು 390 ರೂ.; ಗಂಟೆಯ ದುಡಿಮೆಗೆ 14 ರೂಪಾಯಿಯೂ ಸಿಗುವುದಿಲ್ಲ. ತಮ್ಮ ಗಂಟೆಯ ದರವನ್ನು ನಿಗದಿಪಡಿಸುವಾಗ ರಾಜ್ಯ ಸರ್ಕಾರವು ಕಾಲಕಾಲಕ್ಕೆ ಅಧಿಸೂಚಿಸುವ ಕನಿಷ್ಠ ವೇತನವನ್ನು ಆಧಾರವಾಗಿ ಇಟ್ಟುಕೊಳ್ಳಬಹುದು.

6. ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಬೇಕಾದ ಕಾರಣ

ಮಾರುಕಟ್ಟೆಯಲ್ಲಿ ದೊರೆಯುವ ಯಂತ್ರದ ಹೆಣಿಗೆಯು ಕ್ರೋಶಾವನ್ನು ಹೋಲಬಹುದು. ಆದರೆ ಕ್ರೋಶಾ ಉಡುಪುಗಳು ಇಂದಿಗೂ ಕೈಯಿಂದಲೇ ತಯಾರಾಗುತ್ತವೆ. ಹೀಗಿದ್ದರೂ ಈ ಕೆಲಸವನ್ನು ಮನೆಯ ಹೆಂಗಸರ ಬಿಡುವಿನ ವೇಳೆಯ ಹವ್ಯಾಸವೆಂದು ಎಣಿಸುವ ರೂಢಿಯಿದೆ. ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಕ್ರೋಶಾ ಲೇಸ್ ಹೊರದೇಶಗಳಿಗೆ ರಫ್ತಾಗುತ್ತಿದ್ದರೂ, ಅದನ್ನು ಹೆಣೆಯುವ ಮಹಿಳೆಯರನ್ನು ಕಾರ್ಮಿಕರೆಂದಲ್ಲದೆ ಗೃಹಿಣಿಯರೆಂದು ಪರಿಗಣಿಸಿದ ಕಾರಣ ಅವರಿಗೆ ಅತ್ಯಲ್ಪ ಕೂಲಿ ದೊರೆಯುತ್ತಿತ್ತೆಂಬುದನ್ನು ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರು 1982ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ವಸ್ತುವಿಗೆ ದೊರೆತ ಮನ್ನಣೆಯು ಅದನ್ನು ಹೆಣೆದವರ ಕೂಲಿಗೂ ದೊರೆಯಬೇಕಾದರೆ, ಹಿಡಿದ ಗಂಟೆಗಳು ಲೆಕ್ಕದ ಪುಸ್ತಕದಲ್ಲಿರಬೇಕು.

7. ಅರ್ಜಿದಾರರ ಗಮನಕ್ಕೆ

(ಅ) ಉದ್ಯಮ್ ನೋಂದಣಿಯು 1 ಜುಲೈ 2020ರಿಂದ ಜಾರಿಯಲ್ಲಿದ್ದು, ಆಧಾರ್ ಸಂಖ್ಯೆ ಹಾಗೂ ಸ್ವಯಂ ಘೋಷಣೆಯ ಆಧಾರದ ಮೇಲೆ ಕೇಂದ್ರ ಸರ್ಕಾರದ ಅಂತರಜಾಲ ತಾಣದಲ್ಲಿ ಉಚಿತವಾಗಿ ನಡೆಯುತ್ತದೆ. ಇದಕ್ಕೆ ಶುಲ್ಕ ಕೇಳುವ ಖಾಸಗಿ ತಾಣಗಳ ಬಗ್ಗೆ ಎಚ್ಚರ ವಹಿಸಬೇಕು.

(ಆ) 17 ಸೆಪ್ಟೆಂಬರ್ 2023ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ದರ್ಜಿ ವೃತ್ತಿ ಸೇರಿದೆ. ಕ್ರೋಶಾ ಹೆಣಿಗೆಯನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. ಹೆಣಿಗೆಯನ್ನು ಮಾತ್ರ ಮಾಡುವವರು ಅರ್ಜಿ ಸಲ್ಲಿಸುವ ಮುನ್ನ ಇದನ್ನು ಗಮನಿಸುವುದು.

(ಇ) ಕುಶಲಕರ್ಮಿಗಳ ಗುರುತಿನ ಚೀಟಿಯನ್ನು ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯು ನೀಡುತ್ತದೆ.

(ಈ) ಯಾವುದೇ ಕಚೇರಿಗೆ ಅಥವಾ ಮೇಳಕ್ಕೆ ಹೋಗುವಾಗ ಸಿದ್ಧ ಉಡುಪಿನೊಂದಿಗೆ ಒಗೆದ ಮಾದರಿ ತುಣುಕು, ನೂಲಿನ ಚೀಟಿ ಹಾಗೂ ವೆಚ್ಚದ ಪಟ್ಟಿಯನ್ನು ಕೊಂಡೊಯ್ಯುವುದು ಅನುಕೂಲಕರ. ಬೆಲೆ ಹೆಚ್ಚೆಂದು ಹೇಳುವ ಗ್ರಾಹಕರಿಗೂ ಇದೇ ಪಟ್ಟಿಯನ್ನು ತೋರಿಸಬಹುದು.

(ಉ) ಉಡುಪಿನೊಂದಿಗೆ ಬಳಕೆಯ ಸೂಚನೆಯನ್ನು ನೀಡಬೇಕು: ತಣ್ಣೀರಿನಲ್ಲಿ ಕೈಯಿಂದ ಒಗೆಯುವುದು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತುವುದು, ನೆರಳಿನಲ್ಲಿ ಹಾಸಿ ಒಣಗಿಸುವುದು, ಹ್ಯಾಂಗರಿಗೆ ಹಾಕದೆ ಮಡಚಿಡುವುದು. ಒದ್ದೆಯಾದ ಹತ್ತಿ ಭಾರವಾಗುವುದರಿಂದ ತೂಗುಹಾಕಿದಲ್ಲಿ ಕಾರ್ಡಿಗನ್ ಉದ್ದವಾಗಿ ಆಕಾರ ಕೆಡುತ್ತದೆ.